ಮುದ್ದೆ ತೂಗಲು ಹೊರಟವರಿಗೆ ಕೆಲವು ಬುದ್ಧಿಮಾತು

ಆಹಾರಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವವರಿಗೆ ಪುಸ್ತಕದಲ್ಲಿ ಎಲ್ಲವೂ ಸಿಗುತ್ತದೆ, ಊರಿಗೆ ಹೋದರೆ ಏನಾಗುತ್ತದೆ ಅನ್ನುವುದೊಂದು ಬಿಟ್ಟು. ನಾನು ಮೈಸೂರಿನ ಕಾಲೇಜೊಂದರಲ್ಲಿ ಇದೇ ಪಾಠ ಮಾಡಿಕೊಂಡಿದ್ದವಳು. ತೊಂಬತ್ತರ ದಶಕ ಶುರುವಾದಾಗಿನಿಂದ ಎರಡು ಸಾವಿರ ದಾಟುವವರೆಗೂ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಂಜನಗೂಡು, ತಿ. ನರಸೀಪುರದ ಕಡೆಗೆ ಹೋಗುತ್ತಿದ್ದೆ. ಜನ ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ, ಎಷ್ಟು ಬಿಡುತ್ತಾರೆ, ಇಷ್ಟು ತಿಳಿದುಕೊಂಡು ಬರುವುದು ಕೆಲಸ. ಆದರೆ ಇನ್ನೊಬ್ಬರ ತಟ್ಟೆ ಇಣುಕಿ ನೋಡಿದವರು ಸುಖವಾಗಿ ಮನೆ ಸೇರಿದ್ದುಂಟೇ? ಪ್ರತಿ ಸಲ ಏನಾದರೊಂದು ಆಗುತ್ತಿತ್ತು. ಆದಾಗಲೆಲ್ಲ ಮುಂದಿನ ಬ್ಯಾಚಿನವರಿಗೆ ಹೇಳುವ ಬುದ್ಧಿಮಾತು ಒಂದು ಹೆಚ್ಚುತ್ತಿತ್ತು.

ಅಣ್ಣತಮ್ಮಂದಿರ ಮುದ್ದೆ ಒಟ್ಟಿಗೆ ತೂಗಬೇಡಿ

ಕವಲಂದೆ ಕಡೆಯ ಒಂದು ಹಳ್ಳಿ. ಅಣ್ಣತಮ್ಮ ಇಬ್ಬರೂ ಒಟ್ಟಿಗಿದ್ದ ಮನೆ. ಊಟ ಬಡಿಸುವ ಮೊದಲು ಒಬ್ಬೊಬ್ಬರ ಮುದ್ದೆಯನ್ನೂ ತೂಗಬೇಕಾಗಿತ್ತು. ತೂಗಲು ಕೂತವಳು ಬೆಳಗಾವಿ ಕಡೆಯ ಹುಡುಗಿ. ರೊಟ್ಟಿ ತಿಂದು ಬೆಳೆದವಳು, ಮುದ್ದೆಯನ್ನು ಹತ್ತಿರದಿಂದ ನೋಡಿದ್ದೇ ಅವತ್ತು. ಬಸ್ ಕಂಡಕ್ಟರ್ ಊರಿನ ಹೆಸರು ಕೂಗುವ ಹಾಗೆ ಕೂಗಿದಳು.

"ಅಣ್ಣಾರದು ಮುನ್ನೂರಾ ಹತ್ತು ಗ್ರಾಂ! ತಮ್ಮಾರದು ಮುನ್ನೂರಾ ಅರವತ್ತು!"

ಸಾರಿಗೆ ಇಳಿದಿದ್ದ ಅಣ್ಣನ ಕೈ ಅಲ್ಲೇ ನಿಂತಿತು. ಬಡಿಸುತ್ತಿದ್ದ ಹೆಂಡತಿಯ ಕಡೆ ತಿರುಗಿದ.

"ಲೇ ಇವ್ಳೇ, ನಿನ್ನ ಕಟ್ಕಂಡೋನು ನಾನು ಕಣೆ. ದೊಡ್ ಮುದ್ದೆ ಅವಂಗಾ?"

"ಕೈಗೆ ಬಂದಂಗೆ ಕಟ್ತೀನಿ. ನನ್ ಕೈಯೇನು ಸೊಸೈಟಿ ತಕ್ಕಡೀನಾ?" ಅಂದಳು ಆಕೆ.

ಜಗಳ ಏಳುವುದನ್ನು ಕಂಡ ತಮ್ಮ, ತನ್ನ ಮುದ್ದೆಯಿಂದ ದೊಡ್ಡದೊಂದು ತುತ್ತು ಮುರಿದು ಗುಳುಂ ಅಂತ ನುಂಗಿದ. "ಈಗ ತೂಗ್ರವ್ವ, ಸರಿ ಓಗಿರ್ತದೆ" ಅಂದ.

ನಾನು ನಡುವೆ ಬಾಯಿ ಹಾಕಿ, "ತಕ್ಕಡಿ ಸ್ವಲ್ಪ ಕೆಟ್ಟಿದೆ ಯಜಮಾನರೇ" ಎಂದು ಸುಳ್ಳು ಹೇಳಿದೆ.

"ಕೆಟ್ಟಿಲ್ಲ ಮೇಡಮ್ಮೋರೆ. ಮದ್ವೆ ಆದಾಗ್ನಿಂದ ನಂಗೆ ಈ ಅನುಮಾನ ಇದ್ದೇ ಇತ್ತು."

ಮಾರನೇ ದಿನವೂ ಅದೇ ಮನೆಯಲ್ಲಿ ತೂಗಬೇಕಿತ್ತು. ಹೋದರೆ ಅಣ್ಣನ ತಟ್ಟೆಯಲ್ಲಿ ಒರಳುಗುಂಡಿನಷ್ಟು ಮುದ್ದೆ. ತಕ್ಕಡಿಯ ಮೇಲಿಟ್ಟರೆ ಮುಳ್ಳು ಕೊನೆ ಮುಟ್ಟಿ ನಡುಗುತ್ತಾ ನಿಂತುಬಿಟ್ಟಿತು. ಪಾಪ, ಅಣ್ಣ ಅರ್ಧ ಮುದ್ದೆಗೇ ಬೆವೆತು ಗೋಡೆಗೊರಗಿದ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ತಿನ್ನಿ ತಿನ್ನಿ. ನನ್ನ ಕಟ್ಕಂಡೋರು ನೀವಲ್ವಾ?"

ತಾಯಿಯ ಎದುರು ಮಗನನ್ನು ಕೇಳಬೇಡಿ

"ನಿನ್ನೆ ಬೆಳಗ್ಗೆಯಿಂದ ರಾತ್ರಿಯವರೆಗೆ ಏನೇನು ತಿಂದಿರಿ?" ಇದು ನಮ್ಮ ಸಮೀಕ್ಷೆಯ ಮುಖ್ಯ ಪ್ರಶ್ನೆ. ಹಳ್ಳಿಯವರಿಗೆ ಅಳತೆ ಗೊತ್ತಾಗಲಿ ಎಂದು ರಬ್ಬರಿನಲ್ಲಿ ಮಾಡಿದ ಇಡ್ಲಿ, ಬಾಳೆಹಣ್ಣು, ಅರ್ಧ ಕೊಯ್ದ ಬೇಯಿಸಿದ ಮೊಟ್ಟೆ, ಇವನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದೆವು.

ಕಳಲೆ ಹತ್ತಿರ ಒಂದು ಮನೆ. ಅಜ್ಜಿಯ ಹಣೆ ತುಂಬ ವಿಭೂತಿ. ನಮ್ಮ ವಿದ್ಯಾರ್ಥಿನಿ ಜಗಲಿಯ ಮೇಲೆ ರಬ್ಬರ್ ತಿಂಡಿಗಳನ್ನು ಸಾಲಾಗಿ ಜೋಡಿಸಿದಳು. ಅಜ್ಜಿ ಮೊಟ್ಟೆಯ ಮೇಲೆ ಬೆರಳಿಟ್ಟು, "ಇದೇನವ್ವ?" ಅಂದರು.

ಉತ್ತರ ಕೊಟ್ಟವಳು ಪಕ್ಕದಲ್ಲಿ ಕೂತಿದ್ದ ಪುಟ್ಟ ಮೊಮ್ಮಗಳು. "ಅಜ್ಜೀ, ಅಪ್ಪ ನಂಜನಗೂಡು ಬಸ್ ಸ್ಟ್ಯಾಂಡಲ್ಲಿ ದಿನಾ ತಿಂತಾರಲ್ಲ ಬೋಂಡ, ಅದರ ಒಳಗಿರೋದು!"

ಮಗ ಅಲ್ಲೇ ಕೂತಿದ್ದ. ಅವನ ಮುಖ ರಬ್ಬರ್ ಮೊಟ್ಟೆಗಿಂತ ಬೆಳ್ಳಗಾಯಿತು.

ಅಜ್ಜಿ ನಿಧಾನವಾಗಿ ಅವನ ಕಡೆ ತಿರುಗಿದರು. "ಏನ್ಲಾ ಇದು?"

"ಬದ್ನೆಕಾಯಿ ಕಣವ್ವ," ಅಂದ ಮಗ. "ಬಿಳೀ ಬದ್ನೆಕಾಯಿ. ಹೊಸಾ ತಳಿ."

"ನಡ್ವೆ ಹಳದಿ ಅದಲ್ಲಾ?"

"ಅದು ಬೀಜ."

ಅಜ್ಜಿ ಅದನ್ನು ಕೈಯಲ್ಲಿ ಹಿಡಿದು, ಅಮುಕಿ, ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಅಜ್ಜಿ, "ಮೆತ್ತಗದೆ ಕಣ್ಲಾ. ನಂಗೂ ಹಲ್ಲಿಲ್ಲ. ನಾಳೆ ಬರೋವಾಗ ಎರಡು ಬೋಂಡ ಕಟ್ಟಿಸ್ಕಂಡು ಬಾ" ಅಂದರು.

ಮಗ ಎದ್ದು ದನಕ್ಕೆ ನೀರು ಕುಡಿಸಲು ಹೋದ. ದನ ಆಗಲೇ ಮೇಯಲು ಹೋಗಿತ್ತು.

ಹೊರಗೆ ಬಂದ ಮೇಲೆ ವಿದ್ಯಾರ್ಥಿನಿ ಬಹಳ ಗಂಭೀರವಾಗಿ ಕೇಳಿದಳು. "ಮೇಡಂ, ಇವರದನ್ನ ಮೊಟ್ಟೆ ಅಂತ ಬರೀಲಾ, ತರಕಾರಿ ಅಂತ ಬರೀಲಾ?"

ತಟ್ಟೆಗೆ ನಂಬರ್ ಹಾಕುವಾಗ ಎಚ್ಚರ

ಹಾಸನದ ಹುಡುಗನೊಬ್ಬ ಸಕ್ಕರೆ ಕಾಯಿಲೆಯವರಿಗಾಗಿ ಹಾಗಲಕಾಯಿ, ಮೆಂತ್ಯ ಹಾಕಿ ಬಿಸ್ಕತ್ತು ಮಾಡಿದ್ದ. ತಿಂದವರು ನಾಲ್ಕು ಹೆಜ್ಜೆ ಆಚೆ ಹೋಗಿ ಉಗುಳುವಂಥ ಬಿಸ್ಕತ್ತು. ಅದರಲ್ಲೂ ಐದು ಬಗೆ. ಯಾವುದು ವಾಸಿ ಎಂದು ಜನರ ಬಾಯಿಂದಲೇ ಹೇಳಿಸಬೇಕು. ಹೆಸರು ನೋಡಿ ಮನಸ್ಸು ಅತ್ತಿತ್ತ ಆಗಬಾರದು ಅಂತ ಒಂದೊಂದು ತಟ್ಟೆಗೂ ಮನಸ್ಸಿಗೆ ಬಂದ ಮೂರಂಕಿಯ ನಂಬರ್ ಹಾಕುವುದು ನಮ್ಮ ಪದ್ಧತಿ.

ತಿ. ನರಸೀಪುರದಲ್ಲಿ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಹಾಲ್‌ನಲ್ಲಿ ಮೇಜು ಹಾಕಿದೆವು. ಮೊದಲ ದಿನ ಬಂದವರು ಬೆರಳೆಣಿಕೆ. ಅವರಲ್ಲಿ ಎದುರಿನ ಟೀ ಅಂಗಡಿಯವನೂ ಒಬ್ಬ. ಐದೂ ತಿಂದು, ಕಣ್ಣಲ್ಲಿ ನೀರು ಒರೆಸಿಕೊಂಡು, "ಐನೂರಾ ಹದಿನೆಂಟು ಒಸಿ ವಾಸಿ ಸಾ" ಅಂದು ಹೋದ. ಆಗೆಲ್ಲ ಲಾಟರಿಯ ಕಾಲ. ಹೋದವನೇ ಐನೂರಾ ಹದಿನೆಂಟರಲ್ಲಿ ಮುಗಿಯುವ ಟಿಕೆಟ್ ಕೊಂಡಿದ್ದಾನೆ. ಅದಕ್ಕೆ ಬಹುಮಾನ ಬಂದುಬಿಟ್ಟಿದೆ!

ಮಾರನೇ ದಿನ ಬೆಳಗ್ಗೆ ಹಾಲ್‌ನ ಬಾಗಿಲು ತೆಗೆಯಲಾರದಷ್ಟು ಜನ. ಹುಡುಗನಿಗೆ ಆನಂದವೋ ಆನಂದ. "ನೋಡಿ ಮೇಡಂ, ಜನರಲ್ಲಿ ಆರೋಗ್ಯದ ಅರಿವು ಬಂತು!"

ಮುಂದೆ ನಿಂತಿದ್ದ ಆಟೋದವನು ಕೈ ಮುಗಿದ. "ಬಿಸ್ಕತ್ ಬ್ಯಾಡ ಸಾ. ನಂಬರ್ ಮಾತ್ರ ಯೋಳ್ಬುಡಿ."

ವಿಷಯ ತಿಳಿದ ಮೇಲೆ ನಾನು ಬಾಗಿಲು ಹಾಕಿಬಿಡೋಣ ಅಂದೆ. ಆದರೆ ಹುಡುಗನಿಗೆ ಥೀಸಿಸ್ ಮುಗಿಸುವ ಆತುರ. "ತಿಂದವರಿಗೆ ಮಾತ್ರ ನಂಬರ್ ಕಾಣೋದು" ಎಂದು ಸಾರಿದ. ಜನ ತಿಂದರು ನೋಡಿ! ಹಿಂದೆ ಮುಂದೆ ನೋಡದೆ, ಹರಕೆ ತೀರಿಸುವವರ ಹಾಗೆ ಕಣ್ಣು ಮುಚ್ಚಿ ತಿಂದರು. ಒಬ್ಬ ಮುದುಕರು ಐದನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು, "ಯಾವ್ದಾದ್ರೂ ಒಂದು ಒಡೀತದೆ" ಅಂದರು.

ಅವತ್ತು ಯಾವುದೂ ಹೊಡೆಯಲಿಲ್ಲ.

ಮೂರನೇ ದಿನ ನಾವು ಮೇಜು ಎತ್ತುತ್ತಿರುವಾಗ ಟೀ ಅಂಗಡಿಯವನು ಜೋಲುಮುಖ ಹಾಕಿಕೊಂಡು ಬಂದ. ಒಂದು ಬಿಸ್ಕತ್ತು ಮುರಿದು ಬಾಯಿಗೆ ಹಾಕಿಕೊಂಡ. ಅದೇ ಬಿಸ್ಕತ್ತು, ಅದೇ ಡಬ್ಬ.

"ಮೊನ್ನೇದು ಚೆನ್ನಾಗಿತ್ತು ಸಾ," ಅಂದ. "ಇದು ಬರೀ ಕಹಿ."

ಮದುವೆಮನೆಗೆ ಹೋದರೆ ಮೊದಲು ಗಂಡಿನ ಸೋದರಮಾವನನ್ನು ಕಂಡುಬನ್ನಿ

ಇದು ಗೊತ್ತಿಲ್ಲದೆ ನಾವು ನಂಜನಗೂಡಿನಲ್ಲಿ ಒಂದು ಮದುವೆಯನ್ನೇ ನಿಲ್ಲಿಸಿಬಿಡುತ್ತಿದ್ದೆವು.

ಹುಣಸೂರಿನ ಒಬ್ಬಳು ಮೆತ್ತನೆಯ ಹುಡುಗಿ. ಮದುವೆ ಊಟದಲ್ಲಿ ಎಲೆಯ ಮೇಲೆ ಎಷ್ಟು ಉಳಿದು ಹಾಳಾಗುತ್ತದೆ ಅನ್ನುವುದು ಅವಳ ಥೀಸಿಸ್. ಛತ್ರದ ಮ್ಯಾನೇಜರನ್ನು ಕೇಳಿದ್ದೆವು, ಅವರು ಆಗಲಿ ಅಂದಿದ್ದರು. ಮದುವೆಯ ಮನೆಯವರಿಗೆ ಹೇಳಬೇಕೆಂದು ನನಗೂ ಹೊಳೆಯಲಿಲ್ಲ, ಮ್ಯಾನೇಜರಿಗೂ ಹೊಳೆಯಲಿಲ್ಲ.

ಮುಹೂರ್ತಕ್ಕೆ ಮೊದಲು ತಿಂಡಿಯ ಪಂಕ್ತಿ. ಇಡ್ಲಿ, ಖಾರಾಬಾತು, ಕೇಸರಿಬಾತು. ಹುಡುಗಿ ಬಕೆಟ್ಟು, ತಕ್ಕಡಿ ಪಕ್ಕದಲ್ಲಿಟ್ಟುಕೊಂಡು, ಸಾಲಿನುದ್ದಕ್ಕೂ ನಡೆಯುತ್ತಾ ಎಲೆ ಎಲೆ ನೋಡಿ ಬರೆದುಕೊಳ್ಳುತ್ತಿದ್ದಳು. ಗಂಡಿನ ಸೋದರಮಾವ ಮೂರನೇ ಸಲ ಕೇಸರಿಬಾತು ಹಾಕಿಸಿಕೊಳ್ಳುವಾಗ ಸರಿಯಾಗಿ ಅವರ ಎದುರು ನಿಂತು ಬರೆದಳು.

ಮಾವ ಎಲೆ ಬಿಟ್ಟು ಎದ್ದರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗಂಟಲು.

"ಬೀಗ್ರೇ! ನಾವೆಷ್ಟು ತಿಂತೀವಿ ಅಂತ ಬರ್ಕಳ್ಳಕ್ಕೆ ಜನ ಬುಟ್ಟಿದ್ದೀರಾ? ಏಳ್ರಲಾ ಎಲ್ಲಾ! ತಾಳಿ ಇಚಾರ ಆಮೇಲೆ ಮಾತಾಡನ!"

ಗಂಡಿನ ಕಡೆಯವರು ಒಬ್ಬೊಬ್ಬರಾಗಿ ಏಳತೊಡಗಿದರು. ಹೆಣ್ಣಿನ ತಂದೆ ಓಡಿ ಬಂದರು.

"ಅಯ್ಯೋ, ಆವಮ್ಮ ನಿಮ್ಮ ಕಡೆಯೋರಲ್ವಾ? ನಾವೆಷ್ಟು ಬಡಿಸ್ತೀವಿ ಅಂತ ನೋಡಕ್ಕೆ ಕಳಿಸಿದ್ದೀರಿ ಅಂದ್ಕಂಡು, ಬೆಳಗ್ಗಿಂದ ಎಲ್ಲಾರ್ಗೂ ಬ್ಯಾಡ ಬ್ಯಾಡ ಅಂದ್ರೂ ಸುರೀತಿದ್ದೀನಿ!"

ಎರಡೂ ಕಡೆಯವರು ಒಟ್ಟಿಗೆ ನಮ್ಮ ಕಡೆ ತಿರುಗಿದರು. ಮುಂದೆ ಬಂದು, ನಾನು ಟೀಚರು, ಇವಳು ಎಂ.ಎಸ್ಸಿ. ಓದುವ ಮಗು, ಎಲೆಯಲ್ಲಿ ಬಿಟ್ಟಿದ್ದನ್ನು ತೂಗಿ ಬರೆಯಬೇಕು, ಅಷ್ಟೇ ಎಂದೆ.

ಮಾವ ಬಾಯಿ ತೆರೆದು ನಿಂತರು. "ಎಂಜಲು ತೂಗಕ್ಕೆ ಎಮ್ಮೆಸ್ಸಿಯಾ?"

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಪಂಕ್ತಿ ನಕ್ಕಿತು. ಮಾವನೂ ನಕ್ಕು ಮತ್ತೆ ಎಲೆಯ ಮುಂದೆ ಕೂತರು. ಮದುವೆ ಉಳಿಯಿತು. ಕೆಟ್ಟಿದ್ದು ಥೀಸಿಸ್ಸು. ಎಂಜಲನ್ನು ತೂಗುತ್ತಾರೆ ಎಂದು ಗೊತ್ತಾದ ಮೇಲೆ ಯಾರು ತಾನೇ ಬಿಡುತ್ತಾರೆ? ಎಲ್ಲರೂ ಎಲೆಯನ್ನು ಬೆರಳಲ್ಲಿ ಬಳಿದು ಬಳಿದು ತಿಂದರು. ಕರಿಬೇವನ್ನೂ ಬಿಡಲಿಲ್ಲ. ಪಂಕ್ತಿ ಎದ್ದಾಗ ಬಕೆಟ್ಟಿನಲ್ಲಿ ಒಂದು ಮೆಣಸಿನಕಾಯಿ ಇತ್ತು.

ಹುಡುಗಿ ಬಕೆಟ್ಟಿನೊಳಗೆ ನೋಡಿದಳು. ಅಲ್ಲೇ ಕೂತು ಅಳಲು ಶುರು ಮಾಡಿದಳು.

ಕೈ ತೊಳೆದು ಬಂದ ಮಾವ ಅದನ್ನು ಕಂಡು ಗಾಬರಿಯಾದರು. "ಯಾಕವ್ವ ಮಗ? ನಾನು ಗದರಿದ್ದಕ್ಕಾ?"

"ಇಲ್ಲ ಮಾವ... ಯಾರೂ ಏನೂ ಬಿಟ್ಟಿಲ್ಲ... ನಾನು ಫೇಲಾಗ್ತೀನಿ..."

ಮಾವ ಹೆಗಲ ಮೇಲಿನ ಟವಲಿನಿಂದ ಮೀಸೆ ಒರೆಸಿಕೊಂಡರು. ಅವರಿಗೂ ಹೆಣ್ಣುಮಕ್ಕಳಿದ್ದರೇನೋ. ಎರಡನೇ ಪಂಕ್ತಿ ಆಗಲೇ ಕೂತಿತ್ತು. ಮಾವ ಒಂದು ಕುರ್ಚಿ ಎಳೆದು ಅದರ ಮೇಲೆ ಹತ್ತಿದರು.

"ಕೇಳ್ರಪ್ಪೋ! ಎಲ್ಲಾರೂ ಎಲೇಲಿ ಒಸಿ ಒಸಿ ಬುಡ್ರಲಾ! ಮಗು ಪಾಸಾಗ್ಲಿ!"

ಬಿಟ್ಟರು. ಮನಸಾರೆ ಬಿಟ್ಟರು. ಹಾಕಿಸಿಕೊಂಡೂ ಬಿಟ್ಟರು. ಕೆಲವರು ತಾವೇ ಎಲೆ ಮಡಿಸಿ ತಂದು, "ನಂದೂ ತೂಗವ್ವ" ಎಂದು ಸಾಲಾಗಿ ನಿಂತರು. ಬಾಸಿಂಗ ಕಟ್ಟಿಕೊಂಡ ಗಂಡು ಕೂಡ ಹಸೆಮಣೆಗೆ ಹೋಗುವ ದಾರಿಯಲ್ಲಿ ಎರಡು ಇಡ್ಲಿ ತಂದು ಬಕೆಟ್ಟಿಗೆ ಹಾಕಿ ಹೋದ.

ಕೊನೆಗೆ ಥೀಸಿಸ್ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಪ್ರೊಫೆಸರು ಬಂದರು. ಬಹಳ ಕಟ್ಟುನಿಟ್ಟು. ಹಾಳೆ ತಿರುಗಿಸುತ್ತಾ ಒಂದು ಕಡೆ ನಿಂತರು.

"ಒಂದೇ ಮದುವೆ, ಒಂದೇ ಅಡುಗೆ. ಮೊದಲ ಪಂಕ್ತಿಯಲ್ಲಿ ಒಂದು ಮೆಣಸಿನಕಾಯಿ, ಎರಡನೇ ಪಂಕ್ತಿಯಲ್ಲಿ ಬಕೆಟ್ಟುಗಟ್ಟಲೆ. ಕಾರಣ ಏನಮ್ಮ?"

ಹುಡುಗಿ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ಕನಿಕರ, ಸರ್" ಅಂದಳು.