ಹಡಗಿನ ದೋಸ್ತರು ಮನಿಗೆ ಬಂದಾಗ

ನಮ್ಮ ಮನಿಯವರು ನೌಕಾಪಡಿ ಬಿಟ್ಟು ಬಂದು ಯಾವ ಕಾಲಾತೋ ಏನೋ, ಆದ್ರ ಸಿರುಗುಪ್ಪದ ನಮ್ಮ ಮನ್ಯಾಗ ಹಡಗಿನ ಗದ್ದಲ ಇನ್ನೂ ನಿಂತಿಲ್ಲ. ನಗಬಾರದು ಅಂತೀನಿ, ಮತ್ತೊಂದು ಏನರ ಆಗೇಬಿಡತೈತಿ.

೧. ಫೋನಿನ್ಯಾಗ ಚಪಾತಿ

ಹಳೇ ಹಡಗಿನ ದೋಸ್ತರೆಲ್ಲ ಹುಡುಕ್ಯಾಡಿ ಫೋನಿನ್ಯಾಗ ಒಂದು ಗುಂಪು ಮಾಡ್ಯಾರ. ಮೊದಲ ಸಲ ಮುಖ ಕಾಣೋ ಫೋನ್ ಬಂತು. ನೋಡಿದ್ರ ಬರೇ ಬೋಳುತಲಿ. ಎಲ್ಲಾರೂ ಒಮ್ಮಿಗೇ "ಚಪಾತೀ! ಏ ಚಪಾತೀ!" ಅಂತ ಒದರಿದ್ರು. ಪಾಪ ಹಸಿದಾರ ಅಂತ ನಾನು ಹಿಟ್ಟು ನಾದಾಕ ಕುಂತೆ.

"ಏನ್ ಮಾಡಾಕತ್ತೀಲೇ?" ಅಂದ್ರು ನಮ್ಮೋರು.

"ನಿಮ್ಮ ದೋಸ್ತರು ಚಪಾತಿ ಕೇಳಾಕತ್ತಾರಲ್ರಿ!"

ಮುಖ ಸಣ್ಣದು ಮಾಡ್ಕೊಂಡು, "ಅದು ನನ್ನ ಹೆಸರು," ಅಂದ್ರು.

ಆಗ ತಿಳೀತು. ಹಡಗಿನ್ಯಾಗ ಬಿರುಗಾಳ್ಯಾಗೂ ತೋಪು ಹಾರಿಸ್ತಿದ್ದೆ ಅಂತ ಓಣಿಗೆಲ್ಲ ಹೇಳ್ಕೊಂಡು ಬಂದ ಮನಿಷಾ ಅಲ್ಲಿ ಚಪಾತಿ ಬೇಯಸ್ತಿದ್ರು!

"ಯಾರ ಮುಂದೂ ಬಾಯಿ ಬಿಡಬ್ಯಾಡ. ಹೆಡ್ ಮಾಸ್ತರಿಗೆ ಗೊತ್ತಾದ್ರ ನಾನು ಓಣ್ಯಾಗ ತಲಿ ಎತ್ತಂಗಿಲ್ಲ," ಅಂತ ಕೈ ಮುಗದ್ರು. ಹೆಡ್ ಮಾಸ್ತರು ಅಂದ್ರ ನಮ್ಮ ಓಣ್ಯಾಗಿನ ರಿಟೈರ್ ಆದ ಮಾಸ್ತರು. ತೋಪಿನ ಕತಿ ಬಂದಾಗೆಲ್ಲ "ಹೌದೇನ್ರೀ?" ಅಂತ ರಾಗ ಎಳೆಯೋರು.

"ಯಾರಿಗೂ ಹೇಳಂಗಿಲ್ಲ ಬಿಡ್ರಿ," ಅಂದೆ. "ಆದ್ರ ಇಷ್ಟು ವರ್ಷ ನನಗೊಂದು ಚಪಾತಿ ಮಾಡಿ ಹಾಕಲಿಲ್ಲಲ್ಲ, ಅದನ್ನ ಮಾತ್ರ ಬಿಡಂಗಿಲ್ಲ."

೨. ಮುಂದಿಲ್ಲ, ಹಿಂದಿಲ್ಲ

ಮುಂದ ಮೂವರು ದೋಸ್ತರು ನಮ್ಮ ಮನಿಗೇ ಬಂದ್ರು. ಹೊಳಿ ನೋಡಬೇಕಂದ್ರು ಅಂತ ದೇಶನೂರಿನ ಕಡೆ ಕರ್ಕೊಂಡು ಹೋಗಿ ಹರಗೋಲಿನ್ಯಾಗ ಕುಂದರಿಸಿದ್ವಿ.

ಒಬ್ಬರು ಹುಟ್ಟು ಹಾಕೋನಿಗೆ ಕೇಳಿದ್ರು: "ಇದರ ಮುಂದ ಯಾವ ಕಡೆ?"

"ಇದು ಬುಟ್ಟಿರೀ. ನೀವು ಯಾ ಕಡೆ ಮುಖ ಮಾಡ್ತೀರಿ, ಅದ ಮುಂದ."

ಹರಗೋಲು ಒಂದು ಸುತ್ತು ಗರ್ರ್ ಅಂತ ತಿರುಗಿತು ನೋಡ್ರಿ, ಸಮುದ್ರ ಸುತ್ತಿದ ನಾಲ್ಕೂ ಮಂದಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕಣ್ಣು ಮುಚ್ಚಿದ್ರು. ನಾನು ಸೆರಗಿನ್ಯಾಗಿನ ಮಂಡಕ್ಕಿ ತಿನ್ಕೊಂತ ಕುಂತಿದ್ದೆ.

ಹುಟ್ಟು ಹಾಕೋನು ನನ್ನ ಕಡೆ ನೋಡಿ, "ಯವ್ವಾ, ಹಡಗಿನ್ಯಾಗ ಇದ್ದಾಕಿ ನೀನಾ?" ಅಂದ.

೩. ಹೆಡ್ಸ್ ಎಲ್ಲಿ?

ಮರುದಿನ ನಮ್ಮೋರು ಇಬ್ಬರನ್ನ ಕರ್ಕೊಂಡು ಸಂತಿಗೆ ಹೋಗಿದ್ರು. ಮೂರನೇ ದೋಸ್ತರು, ಆಂಧ್ರದ ಕಡೆಯೋರು, ಅವರು ಮಾತ್ರ ನಮ್ಮ ಮನ್ಯಾಗ ಉಳಿದಿದ್ರು. ಹೊಟ್ಟಿ ಹಿಡ್ಕೊಂಡು ಬಂದು, "ಅಕ್ಕಾ, ಹೆಡ್ಸ್ ಎಕ್ಕಡ?" ಅಂದ್ರು.

ನಾವು ಹೆಡ್ ಮಾಸ್ತರಿಗೆ ಓಣ್ಯಾಗ 'ಹೆಡ್ಡು' ಅಂತನ ಅನ್ನೋದು. ಇವರು ಮರ್ಯಾದಿಗೆ 'ಹೆಡ್ಸ್' ಅಂತಾರ, ದೊಡ್ಡ ಮನಿಷಾ ಅಂದ್ಕೊಂಡೆ.

"ಆ ಬೇವಿನ ಗಿಡದ ಮನಿರೀ," ಅಂದೆ.

"ಅಷ್ಟು ದೂರಾನಾ? ಖಾಲಿ ಐತಾ ಅಕ್ಕಾ?"

"ರಿಟೈರ್ ಆದಾಗಿಂದ ಖಾಲೀನ ಅದಾರ! ಹೋಗ್ರಿ, ಚಾನೂ ಕೊಡ್ತಾರ."

ನನ್ನ ಮುಖ ಒಂದ್ಸಲ ನೋಡಿ ಓಡಿದ್ರು. ಹಡಗಿನ ಮಂದಿ ಪಾಯಿಖಾನಿಗೆ ಹೆಡ್ಸ್ ಅಂತಾರಂತ! ನಮ್ಮೋರು ರಜಾಕ್ಕ ಬರೋ ಕಾಲಕ್ಕ ಮನ್ಯಾಗ ಅದು ಇರಲೇ ಇಲ್ಲ, ಚೊಂಬು ತಗೊಂಡು ಕಾಲುವಿ ಕಡೆ ಹೋಗೋರು. ಆ ಮಾತು ನನಗ ಹೆಂಗ ಗೊತ್ತಾಗಬೇಕು?

ಅಲ್ಲಿ ಹೆಡ್ ಮಾಸ್ತರು ಅವರನ್ನ ಬಿಟ್ಟಾರೇನು? ಕೈ ಹಿಡ್ಕೊಂಡು, "ಬರ್ರಿ, ಕೂಡ್ರಿ. ಒಂದು ಕೇಳತೀನಿ. ನಿಮ್ಮ ದೋಸ್ತರು ತೋಪು ಹಾರಿಸಿದ್ದು ಖರೇನಾ?" ಅಂದ್ರಂತ.

"ಖರೇ ಸಾರ್!"

"ಬಿರುಗಾಳ್ಯಾಗ?"

"ಖರೇ, ಖರೇ, ಎಲ್ಲಾ ಖರೇ! ಮೊದಲು ಕೈ ಬಿಡ್ರಿ!"

ಹೆಂಗೋ ಜೀವ ಉಳಿಸ್ಕೊಂಡು ವಾಪಸ್ ಬಂದ್ರು. ಸಂಜಿಕ ಹೆಡ್ ಮಾಸ್ತರು ಮಲ್ಲಿಗಿ ಹಾರ ಹಿಡ್ಕೊಂಡು ಬಂದು, ಓಣಿ ಮಂದಿ ಮುಂದನ ನಮ್ಮೋರ ಕೊಳ್ಳಾಗ ಹಾಕಿದ್ರು. ನಮ್ಮೋರು ಗಾಬರಿಯಾಗಿ ನನ್ನ ನೋಡಿದ್ರು.

"ಇಷ್ಟು ದಿನ ನಾನು ನಂಬಿರಲಿಲ್ಲ, ತಪ್ಪಾತು," ಅಂದ್ರು ಹೆಡ್ ಮಾಸ್ತರು. "ನಿಮ್ಮ ಸುದ್ದಿ ತೆಗೆದ ಕೂಡ್ಲೇ ಈ ಪುಣ್ಯಾತ್ಮರು ಎದ್ದು ನಿಂತ್ರು. ಎಷ್ಟು ಹೇಳಿದ್ರೂ ಕುಂದರಲಿಲ್ಲ. ಮೈ ನಡುಗತಿತ್ತು, ಕಣ್ಣಾಗ ನೀರು! ಎಂಥಾ ಗೌರವರೀ!"