ದೊರೆ ಕಾರಿಗೆ ಉಲ್ಟಾ ಆರತಿ

ಜ್ವರ ಬಂದರೆ ನಮ್ಮ ಮನೆಯಲ್ಲಿ ರೇಷ್ಮೆ ಹುಳುವಿಗೆ ಬರಬೇಕು. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆಯೆತ್ತಿಕೊಂಡು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬೀಡಿ ಹಚ್ಚುವಂತಿಲ್ಲ, ಗಟ್ಟಿಯಾಗಿ ಕೆಮ್ಮುವಂತಿಲ್ಲ. ಹಿಂದೊಮ್ಮೆ ನನಗೇ ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದಾಗ ನನ್ನ ಹೆಂಡತಿ ಶ್ಯಾಮಲಮ್ಮ ನನ್ನನ್ನು ಎಬ್ಬಿಸಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತರಲು ಕಳಿಸಿದ್ದಳು (ಸೊಪ್ಪು ಹುಳುವಿಗೆ, ನನಗೆ ಗಂಜಿ).

ಇಂಥ ಮನೆಯಲ್ಲಿ ಒಬ್ಬ ಮನುಷ್ಯ ಕಾರು ಕಟ್ಟುವ ಸಾಹಸಕ್ಕೆ ಕೈಹಾಕಬಾರದಿತ್ತು. ನಾನು ಹಾಕಿದೆ. ನಾನು ಕ್ಯಾಲನೂರಿನಲ್ಲಿ ವಿಜ್ಞಾನದ ಮೇಷ್ಟ್ರು. ನ್ಯೂಟನ್ನನ ನಿಯಮಗಳನ್ನು ಬಾಯಿಪಾಠ ಮಾಡಿಸಿದವನಿಗೆ ಒಂದು ಎಂಜಿನ್ನು ಯಾವ ಲೆಕ್ಕ ಎಂಬ ಧೈರ್ಯ. ಎಪ್ಪತ್ತೇಳರಲ್ಲಿ ಕೆ.ಜಿ.ಎಫ್.ನ ಒಂದು ಹಳೇ ಬಂಗಲೆಯ ಹಿತ್ತಲಲ್ಲಿ, ಕೋಳಿಗಳು ಮೊಟ್ಟೆಯಿಡಲು ಬಳಸುತ್ತಿದ್ದ ಮಾರಿಸ್ ಮೈನರ್ ಕಾರೊಂದನ್ನು ಕಂಡು ಮನಸೋತು ಕೊಂಡುಬಿಟ್ಟೆ. ಅದರ ಯಜಮಾನ, ಗಣಿಯಲ್ಲಿದ್ದ ಇಂಗ್ಲಿಷ್ ದೊರೆ, ಅದನ್ನು ಅಲ್ಲೇ ಬಿಟ್ಟು ವಿಲಾಯತಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಕುಂಟುಕಾಲಿನ ಮೇಜನ್ನೂ ಬಿಡದೆ ಹಡಗಿಗೆ ಹತ್ತಿಸಿದ ದೊರೆ ಕಾರನ್ನು ಮಾತ್ರ ಯಾಕೆ ಬಿಟ್ಟ ಎಂದು ಯೋಚಿಸುವ ವಿವೇಕ ನನಗೆ ಬರಲಿಲ್ಲ.

ಕಾರು ನಮ್ಮೂರಿಗೆ ಎತ್ತಿನ ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಮನೆಯ ಪಕ್ಕದ ತಗಡಿನ ಷೆಡ್ಡಿನಲ್ಲಿ ಪ್ರತಿಷ್ಠಾಪನೆಯಾಯಿತು. ಶ್ಯಾಮಲೆ ಅದನ್ನು ಮಾರಿ ಎಂದು ಕರೆದಳು. ಮಾರಿಸ್ ಎಂದು ಪೂರ್ತಿ ಹೇಳಲು ಅವಳಿಗೆ ಬರುತ್ತಿತ್ತು, ಇಷ್ಟವಿರಲಿಲ್ಲ.

ನಾನು ಭಾನುವಾರಗಳಂದು ಕೋಲಾರಕ್ಕೆ ಹೋಗಿ ಗ್ಯಾರೇಜುಗಳ ಮುಂದೆ ನಿಂತು ಕೆಲಸ ನೋಡಿಕೊಂಡು ಬರುತ್ತಿದ್ದೆ. ಬಂದು ನನ್ನ ಎಂಜಿನ್ನು ಬಿಚ್ಚುತ್ತಿದ್ದೆ. ಬಿಚ್ಚುವುದಕ್ಕೆ ವಿದ್ಯೆ ಬೇಕಾಗಲಿಲ್ಲ. ಪಿಸ್ಟನ್ನುಗಳು ದೇವರ ಗೂಡಿನ ಕೆಳಗೆ, ವಾಲ್ವುಗಳು ಉಪ್ಪಿನಕಾಯಿ ಜಾಡಿಯ ಪಕ್ಕ, ಕಾರ್ಬೊರೇಟರು ಸೀಮೆಎಣ್ಣೆಯಲ್ಲಿ ಮುಳುಗಿ ಹುಳಿ ಮಾಡುವ ಪಾತ್ರೆಯಲ್ಲಿ. ಆ ಪಾತ್ರೆಯ ವಿಷಯವಾಗಿ ನಮ್ಮಲ್ಲಿ ನಡೆದ ಸಂಭಾಷಣೆಯನ್ನು ಇಲ್ಲಿ ಬರೆಯುವುದಿಲ್ಲ, ಹೆಣ್ಣುಮಕ್ಕಳೂ ಓದುತ್ತಾರೆ. ಅಂತೂ ಹೊಸ ರಿಂಗು, ಹೊಸ ಬೇರಿಂಗು ಹಾಕಿ, ವರ್ಷವೆರಡು ಕಳೆಯುವ ಹೊತ್ತಿಗೆ ಎಂಜಿನ್ನು ಮತ್ತೆ ಒಂದಾಯಿತು. ಮಿಕ್ಕಿದ ಕೆಲವು ನಟ್ಟುಗಳನ್ನು ದೊರೆಗಳ ದುಂದುವೆಚ್ಚ ಎಂದು ತೀರ್ಮಾನಿಸಿ ಎತ್ತಿಟ್ಟೆ.

ಆಗಲೇ ಲಕ್ಕೂರಿನಿಂದ ನಮ್ಮತ್ತೆ ಆದಿಲಕ್ಷ್ಮಮ್ಮನವರು ಬಂದರು. ಆ ಸಲ ಶ್ಯಾಮಲೆ ಎಂದಿಗಿಂತ ಹೆಚ್ಚು ಹುಳು ಸಾಕಲು ಇಟ್ಟಿದ್ದಳು. ಹುಳು ಗೂಡು ಕಟ್ಟುವ ತನಕ ಇದ್ದು ಹೋಗುವುದೆಂದು ಅತ್ತೆಯ ಆಗಮನ. ನಮ್ಮತ್ತೆ ಹಳೇ ಸಂಪ್ರದಾಯದವರು, ಅಳಿಯನ ಮುಖ ನೋಡಿ ಮಾತಾಡುವವರಲ್ಲ. ನನಗೆ ಹೇಳಬೇಕಾದ್ದನ್ನು ಪಡಸಾಲೆಯ ಕಂಬಕ್ಕೆ ಹೇಳುತ್ತಾರೆ. ಕಂಬಕ್ಕೆ ಕಿವಿಯಿಲ್ಲವಾದ್ದರಿಂದ ಗಟ್ಟಿಯಾಗಿಯೇ ಹೇಳುತ್ತಾರೆ.

"ಎರಡನೇ ಜ್ವರ ಎದ್ದ ಮೇಲೆ ಹುಳಕ್ಕೆ ಜಾಗ ಸಾಲ್ದು," ಎಂದು ಅವರು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕಂಬಕ್ಕೆ ತಿಳಿಸಿದರು. "ಷೆಡ್ಡಲ್ಲಿ ಸತ್ತಿರೋ ಬಂಡಿ ಮಲಗೈತೆ, ಬದುಕಿರೋ ಹುಳ ಎಲ್ಲಿ ಮಲಗ್ಬೇಕು ನಾಯನಾ?"

ಕಂಬದ ಪರವಾಗಿ ಶ್ಯಾಮಲೆ ಉತ್ತರ ಕೊಟ್ಟಳು. ಷೆಡ್ಡು ಹೇಗೂ ಹುಳುವಿಗೆ ಹೋಗಲೇಬೇಕು, ಅದರಲ್ಲಿ ಚರ್ಚೆಯಿಲ್ಲ. ಶುಕ್ರವಾರದೊಳಗೆ ಕಾರು ಉಸಿರಾಡಿದರೆ ಅಂಗಳದಲ್ಲಿ ಟಾರ್ಪಾಲು ಹೊದ್ದು ಇರಬಹುದು. ಇಲ್ಲದಿದ್ದರೆ ಗುಜರಿಯವನಿಗೆ. ಕೋಲಾರದ ಗುಜರಿಯವನಿಗೆ ಆಗಲೇ ಹೇಳಿ ಕಳಿಸಿಯೂ ಆಗಿತ್ತು. ನನ್ನ ಎರಡು ವರ್ಷದ ಭಾನುವಾರಗಳು ತಕ್ಕಡಿಗೆ ಏರುವುದನ್ನು ನನಗೆ ನೆನೆಯಲೂ ಆಗಲಿಲ್ಲ. ಆ ಕಾರನ್ನು ನಾನು ಅಷ್ಟು ಹಚ್ಚಿಕೊಂಡಿದ್ದೆ. ಅದನ್ನು ಬಿಟ್ಟರೆ ನನ್ನದು ಎನ್ನುವಂಥದ್ದು ಆ ಮನೆಯಲ್ಲಿ ಏನೂ ಇರಲಿಲ್ಲ.

ಗುರುವಾರ ಸ್ನಾನ ಮಾಡಿ, ಶುಚಿರ್ಭೂತನಾಗಿ, ಕಟ್ಟಕಡೆಯ ಕೆಲಸಕ್ಕೆ ಕೂತೆ. ಎಂಜಿನ್ನಿನ ಪಕ್ಕದಲ್ಲಿ ಡಿಸ್ಟ್ರಿಬ್ಯೂಟರ್ ಎಂಬ ಕರೀ ಮುಚ್ಚಳ ಇರುತ್ತದೆ. ಅದರ ಸುತ್ತ ನಾಲ್ಕು ವೈರು ಚುಚ್ಚಿ ನಾಲ್ಕು ಪ್ಲಗ್ಗಿಗೆ ಕೊಡಬೇಕು. ಕಿಡಿ ಹಾರುವ ಸರದಿ ಒಂದು, ಮೂರು, ನಾಲ್ಕು, ಎರಡು. ಇದನ್ನು ನಾನು ಗಾಯತ್ರಿಯಂತೆ ಜಪಿಸಿ ಕಲಿತಿದ್ದೆ. ಒಂದು, ಮೂರು, ನಾಲ್ಕು, ಎರಡು ಎನ್ನುತ್ತ ಎಡದಿಂದ ಬಲಕ್ಕೆ, ಪ್ರದಕ್ಷಿಣೆಯಾಗಿ, ಚೊಕ್ಕಟವಾಗಿ ವೈರು ಕೂರಿಸಿದೆ. ಕೂರಿಸಿ ಕೈಮುಗಿದೆ.

ಶುಕ್ರವಾರ ಬೆಳಿಗ್ಗೆ, ರಾಹುಕಾಲಕ್ಕೆ ಬಹಳ ಮೊದಲೇ, ಕಾರನ್ನು ಬೀದಿಗೆ ತಳ್ಳಿದೆವು. ಹುಳು ಜ್ವರಕ್ಕೆ ಕೂತಿದ್ದವು. ಒಂದು ಎಳೆ ಹೊಗೆ ಒಳಗೆ ಬಂದರೂ ನೀವು ಉಂಟು ನಾನುಂಟು ಎಂದು ಎಚ್ಚರಿಸಿ ಶ್ಯಾಮಲೆ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿಕೊಂಡು ಅದರ ಹಿಂದೆ ಕಾವಲು ನಿಂತಳು. ಅತ್ತೆ ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಕರ್ಪೂರ ತೆಗೆದರು. ಪೆಟ್ರೋಲಿನ ಹತ್ತಿರ ಬೆಂಕಿ ಕೂಡದು ಎಂದು ನಾನು ವಿಜ್ಞಾನವನ್ನು ಮುಂದಿಟ್ಟೆ. ಇದೊಂದು ಮಾತು ಮಾತ್ರ ಆ ದಿನ ನಡೆಯಿತು. ಕರ್ಪೂರದ ಬದಲು ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನ ಆರತಿತಟ್ಟೆ ಹಿಡಿದು ಅವರು ಕಾರಿಗೆ ಬಲಗಡೆಯಿಂದ ಸುತ್ತು ಬಂದರು. ಓಣಿಯ ಜನವೆಲ್ಲ ಸೇರಿತ್ತು. ಗುಜರಿಯವನೂ ಬಂದು ನಮ್ಮ ಜಗಲಿಯ ಮೇಲೆಯೇ ಕೂತು ನಮ್ಮ ಕಾಫಿಯನ್ನೇ ಕುಡಿಯುತ್ತ ಕಾರಿನ ತೂಕವನ್ನು ಕಣ್ಣಲ್ಲೇ ಅಳೆಯುತ್ತಿದ್ದ.

ಕಾರಿನ ಮೂತಿಗೆ ಚುಚ್ಚಿ ಎಂಜಿನ್ನು ತಿರುಗಿಸುವ ಹ್ಯಾಂಡಲ್ ಹೊಡೆಯಲು ಬಂದವನು ಶ್ಯಾಮಲೆಯ ತಮ್ಮ ಚನ್ನರಾಯಪ್ಪ. ರಾಗಿಮೂಟೆಯನ್ನು ಒಂದೇ ಕೈಯಲ್ಲಿ ಗಾಡಿಗೆ ಎಸೆಯುವ ಆಳು. ಅಕ್ಕನಿಗೆ ಅವನೆಂದರೆ ಪ್ರಾಣ.

ನಾನು ಒಳಗೆ ಕೂತು ಕೀಲಿ ತಿರುಗಿಸಿದೆ. ಚನ್ನರಾಯಪ್ಪ ಹ್ಯಾಂಡಲ್ ಬೀಸಿದ. ಎಂಜಿನ್ನು ಒಮ್ಮೆ ಗೊರಕೆ ಹೊಡೆದು, ಒಮ್ಮೆ ಸೀನಿ, ಆಮೇಲೆ ಬಾನೆಟ್ಟಿನೊಳಗಿಂದ ಢಂ ಎಂದು ಒಂದು ಶಬ್ದ ಮಾಡಿತು. ಅರಳಿಮರದ ಕಾಗೆಗಳು ಎದ್ದವು. ಕಿಟಕಿಯಿಂದ ಶ್ಯಾಮಲೆಯ ದನಿ ಬಂತು, ಹುಳ ಬೆಚ್ಚಿಬಿದ್ದರೆ ಯಾರು ಜವಾಬ್ದಾರಿ ಎಂದು. ನಾನು ಪೆಟ್ರೋಲು ಕಲಬೆರಕೆ ಎಂದೆ. ಮತ್ತೆ ಹೊಡೆಸಿದೆ. ಮತ್ತೆ ಢಂ. ಬ್ಯಾಟರಿ ತಣ್ಣಗಿದೆ ಎಂದೆ. ಮತ್ತೆ ಢಂ. ಎದುರುಗಾಳಿ ಎಂದೆ. ಕಾರು ನಿಂತಲ್ಲೇ ನಿಂತಿರುವಾಗ ಎದುರುಗಾಳಿ ಹೇಗೆ ಮೇಷ್ಟ್ರೇ ಎಂದು ಪಕ್ಕದ ಮನೆ ದೊಡ್ಡಮುನಿಯಪ್ಪ ಕೇಳಿದರು. ಅವರಿಗೆ ವಿಜ್ಞಾನ ಗೊತ್ತಿಲ್ಲ ಎಂದುಕೊಂಡು ಚನ್ನರಾಯಪ್ಪನಿಗೆ ಮತ್ತೆ ಕೈಸನ್ನೆ ಮಾಡಿದೆ.

ಆಮೇಲಿನ ಏಟಿಗೆ ಎಂಜಿನ್ನು ಹ್ಯಾಂಡಲನ್ನು ಹಿಂದಕ್ಕೆ ಒದೆಯಿತು. ಚನ್ನರಾಯಪ್ಪ ಕೈ ಹಿಡಿದುಕೊಂಡು ಕೂತುಬಿಟ್ಟ. ಮುಂಗೈ ನೋಡನೋಡುತ್ತಿದ್ದಂತೆ ಸೋರೆಕಾಯಿಯಂತೆ ಊದಿಕೊಂಡಿತು.

"ಹೆಬ್ಬೆಟ್ಟು ಸುತ್ತಿ ಹಿಡಿದಿದ್ದೀಯ ಕಣಯ್ಯ," ಎಂದೆ ನಾನು, ಸಾವಕಾಶವಾಗಿ. "ಹಾಗೆ ಹಿಡಿಯಬಾರದು. ತಪ್ಪು ನಿನ್ನದು."

"ಸರಿಯಾಗೇ ಹಿಡಿದಿದ್ದೆ ಭಾವ," ಎಂದ ಅವನು, ಪಾಪ.

ಕಿಟಕಿಯ ಗೋಣಿತಾಟು ಸ್ವಲ್ಪ ಸರಿಯಿತು. ಶ್ಯಾಮಲೆ ತಮ್ಮನ ಕೈಯನ್ನು, ಆಮೇಲೆ ನನ್ನನ್ನು ನೋಡಿದಳು, ಅಷ್ಟೆ. ನನ್ನ ಕೆಲಸದಲ್ಲಿ ಕಿಂಚಿತ್ತಾದರೂ ದೋಷವಿದ್ದರೆ ಈ ಮೀಸೆ ತೆಗೆಸಿಬಿಡುತ್ತೇನೆ ಎಂದು ನಾನು ಬೀದಿಯ ಮಧ್ಯದಲ್ಲಿ ಘೋಷಿಸಿದೆ. ಗುಜರಿಯವನು ಕಾಫಿ ಲೋಟ ಕೆಳಗಿಟ್ಟು, ಪಂಚೆ ಕೊಡವಿ ಎದ್ದು ನಿಂತ.

ಆಗ ನಮ್ಮತ್ತೆ ಬಾಯಿ ತೆರೆದರು. ಬೀದಿಯಲ್ಲಿ ಪಡಸಾಲೆಯ ಕಂಬ ಇಲ್ಲದ್ದರಿಂದ ಲೈಟುಕಂಬಕ್ಕೆ ಹೇಳಿದರು.

"ಇದು ದೊರೆಗಳ ಬಂಡಿ ಕದಾ. ನಾವು ಚಪ್ಪಲಿ ಬಿಟ್ಟು ಪೇಟ ಇಟ್ಕೊಂಡು ದೇವಸ್ಥಾನಕ್ಕೆ ಹೋಗ್ತೀವಿ. ಅವ್ರು ಟೋಪಿ ತೆಗ್ದು, ಬೂಟು ಹಾಕ್ಕೊಂಡೇ ಹೋಗ್ತಾರೆ. ಅವ್ರದೆಲ್ಲಾ ಉಲ್ಟಾ. ಅವ್ರ ಬಂಡಿಗೆ ನಮ್ಮ ಪ್ರದಕ್ಷಿಣೆ ಏನು ತಿಳೀತದೆ? ಇದಕ್ಕೆ ಎಡಗಡೆಯಿಂದ ಸುತ್ತಬೇಕು."

ಜನ ಹೌದೌದು ಎಂದರು. ನನಗೆ ನಗು ಬಂತು. ಅರ್ಧ ನಗುವಾಗ ನಿಂತಿತು. ಹ್ಯಾಂಡಲ್ ಹೊಡೆಯುವಾಗ ಆ ಕರೀ ಮುಚ್ಚಳದೊಳಗೆ ವೈರಿನಿಂದ ವೈರಿಗೆ ಕಿಡಿ ಹಂಚುತ್ತ ಸುತ್ತುವ ಮುಳ್ಳು ಯಾವ ಕಡೆ ತಿರುಗುತ್ತದೆ ಎಂದು ನಾನು ಒಂದು ದಿನವಾದರೂ ನೋಡಿದ್ದೆನೇ? ನೋಡಿರಲಿಲ್ಲ. ಅರಳಿಕಟ್ಟೆ, ನವಗ್ರಹ, ಹಸೆಮಣೆ, ಎಲ್ಲವನ್ನೂ ಬಲಗಡೆಯಿಂದಲೇ ಸುತ್ತಿ ಬೆಳೆದವನಿಗೆ ಭೂಮಿಯ ಮೇಲೆ ಇನ್ನೊಂದು ದಿಕ್ಕು ಇದೆಯೆಂದು ಹೊಳೆದೇ ಇರಲಿಲ್ಲ.

ಅತ್ತೆ ಆರತಿತಟ್ಟೆ ಎತ್ತಿಕೊಂಡು ಎಡಗಡೆಯಿಂದ ಹೊರಟರು. ಊರಿನ ಕಣ್ಣೆಲ್ಲ ಅವರ ಬೆನ್ನಿಗೆ. ನಾನು ಬಾನೆಟ್ ಎತ್ತಿ, ಮುಚ್ಚಳ ತೆಗೆದು, ಫ್ಯಾನನ್ನು ಕೈಯಿಂದ ಒಂದಿಷ್ಟು ತಿರುಗಿಸಿ ಇಣುಕಿದೆ. ಮುಳ್ಳು ಅಪ್ರದಕ್ಷಿಣೆಯಾಗಿ, ಯಾವ ಸಂಕೋಚವೂ ಇಲ್ಲದೆ ತಿರುಗುತ್ತಿತ್ತು. ಒಂದು ಮತ್ತು ನಾಲ್ಕು ಎದುರುಬದುರಾದ್ದರಿಂದ ಇದ್ದಲ್ಲೇ ಸರಿ. ಎರಡು ಮತ್ತು ಮೂರು ಅದಲುಬದಲು. ಢಂ ಎಂದದ್ದೂ, ಹ್ಯಾಂಡಲ್ ಒದ್ದದ್ದೂ ಇದಕ್ಕೇ. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಎರಡು ವೈರು ಕಿತ್ತು, ಜಾಗ ಬದಲಿಸಿ ಚುಚ್ಚಿ, ಬಾನೆಟ್ ಮುಚ್ಚಿ, ಅತ್ತೆ ಸುತ್ತು ಮುಗಿಸಿ ಬರುವ ಹೊತ್ತಿಗೆ ಕೈಕಟ್ಟಿ ನಿಂತಿದ್ದೆ.

ಈ ಸಲ ಹ್ಯಾಂಡಲನ್ನು ನಾನೇ ಹೊಡೆದೆ. ಒಂದೇ ಏಟು.

ಎಂಜಿನ್ನು ಹಿಡಿದುಕೊಂಡಿತು. ಎಂಥ ಸದ್ದು ಅದು! ನಿದ್ದೆಯಲ್ಲಿರುವ ಮಗುವಿನ ಗಂಟಲಿನ ಗುರುಗುರು. ನೀಲಿ ಹೊಗೆ ಮೆಲ್ಲನೆ ಎದ್ದು ದೊಡ್ಡಮುನಿಯಪ್ಪನವರ ಮನೆಯೊಳಗೆ ಹೋಯಿತು, ನಮ್ಮ ಮನೆಗೆ ಬರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ತಿರುಗಿ ನೋಡಿದರೆ ಜನ ನನ್ನ ಕಡೆ ನೋಡುತ್ತಲೇ ಇಲ್ಲ. ಎಲ್ಲರೂ ನಮ್ಮತ್ತೆಗೆ ಕೈಮುಗಿಯುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ಗುಜರಿಯವನು. ತನ್ನ ಲಾರಿಯನ್ನು ದಿನಾ ಬೆಳಿಗ್ಗೆ ತಳ್ಳಿಸಬೇಕಾಗುತ್ತದೆ, ತಾಯಿ ದೊಡ್ಡ ಮನಸ್ಸು ಮಾಡಿ ಕೋಲಾರದ ತನಕ ಬರಬೇಕು ಎಂದು ಬೇಡುತ್ತಿದ್ದ.

ನಿಜ ಹೇಳಲು ನನಗೆ ಒಂದೇ ವಾಕ್ಯ ಸಾಕಿತ್ತು. ಆ ವಾಕ್ಯ ಗಂಟಲಿಗೆ ಬಂದಾಗಲೆಲ್ಲ ಚನ್ನರಾಯಪ್ಪನ ಕೈ ಕಣ್ಣಿಗೆ ಬೀಳುತ್ತಿತ್ತು. ಅವನು ಆಂಧ್ರದ ಪುತ್ತೂರಿಗೆ ಹೋಗಿ ಮೂಳೆಗೆ ಕಟ್ಟು ಹಾಕಿಸಿಕೊಂಡು ಬಂದ. ಬಂದವನು ನನ್ನ ಬಳಿ ಕೂತು, ಹೌದು ಭಾವ, ಹೆಬ್ಬೆಟ್ಟು ಸುತ್ತಿದ್ದೆ ಅಂತ ಕಾಣ್ತದೆ ಎಂದು ತಾನೇ ಒಪ್ಪಿಕೊಂಡ. ಅಂಥ ಸಜ್ಜನನ ಮನಸ್ಸನ್ನು ಕೆಡಿಸುವುದು ಸರಿಯಲ್ಲ ಎನಿಸಿತು. ಶ್ಯಾಮಲೆಗೆ ತಿಳಿದರೆ ಏನಾಗುತ್ತದೆ ಎಂಬ ಯೋಚನೆಯೂ ಅದರ ಜೊತೆಗೆ ಸ್ವಲ್ಪ ಇತ್ತು.

ಹುಳು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಏರಿ ಗೂಡು ಕಟ್ಟಿತು. ಗೂಡು ಮಾರಾಟವೂ ಆಯಿತು. ಅತ್ತೆಯನ್ನು ನನ್ನ ಕಾರಿನಲ್ಲೇ ಮೆರೆಸಿಕೊಂಡು ಲಕ್ಕೂರಿಗೆ ಬಿಟ್ಟುಬರುತ್ತೇನೆ ಎಂದು ಉದಾರವಾಗಿ ಹೇಳಿದೆ. ಅವರು ಕಂಬಕ್ಕೆ ಹೇಳಿದರು: "ನಾನು ಹೋಗ್ಬಿಟ್ರೆ ಈ ಬಂಡಿಗೆ ದಿಕ್ಕು ಯಾರು ನಾಯನಾ?" ನಾನು ಅವರ ಗಂಟನ್ನು ಮತ್ತೆ ಒಳಗೆ ಒಯ್ದಿಟ್ಟೆ.

ಅಷ್ಟರಲ್ಲಿ ದೊಡ್ಡಮುನಿಯಪ್ಪನವರ ಪಂಪ್‌ಸೆಟ್ಟು ಕೆಟ್ಟಿತು. ಅತ್ತೆಯನ್ನು ಕಾರಿನಲ್ಲಿ ತೋಟಕ್ಕೆ ಕರೆದೊಯ್ದೆವು. ಅವರು ಎಡಗಡೆಯಿಂದ ಸುತ್ತಿದರು, ಅದೇ ಗಳಿಗೆಗೆ ಹೋಗಿದ್ದ ಕರೆಂಟು ಬಂತು. ಅಲ್ಲಿಗೆ ನನ್ನ ಕತೆ ಮುಗಿಯಿತು. ಟ್ರಾಕ್ಟರು, ರಾಗಿಮಿಲ್ಲು, ಬುಲೆಟ್ ಮೋಟಾರ್ ಸೈಕಲ್ಲು, ಹೊಲಿಗೆ ಮಿಷಿನ್ನು ಕೂಡ. ಭಾನುವಾರ ಬಂತೆಂದರೆ ಕರೆಯ ಮೇಲೆ ಕರೆ. ಅತ್ತೆ ಮುಂದಿನ ಸೀಟಿನಲ್ಲಿ, ಅಳಿಯನ ಮುಖ ಕಾಣದಂತೆ ಕಿಟಕಿಯ ಕಡೆ ತಿರುಗಿ ಕೂತು, ಎಲ್ಲಿ ತಿರುಗಬೇಕು ಎಂಬುದನ್ನು ಕಿಟಕಿಯ ಗಾಜಿಗೆ ಹೇಳುತ್ತಿದ್ದರು. ನಾನು ಡ್ರೈವರು.

ಹೀಗೇ ಒಂದು ದಿನ ನರಸಾಪುರದ ಹತ್ತಿರ ಯಾರದೋ ಟ್ರಾಕ್ಟರಿಗೆ ಸುತ್ತು ಬಂದು ಹಿಂದಿರುಗುವಾಗ ನಮ್ಮ ಕಾರೇ ನಿಂತಿತು. ಸೀನು, ಗೊರಕೆ, ಢಂ. ಹಿಂದಿನ ಸೀಟಿನಲ್ಲಿ ಶ್ಯಾಮಲೆ ಮತ್ತು ಚನ್ನರಾಯಪ್ಪ. ಪುತ್ತೂರು ಕಟ್ಟು ಬಿಚ್ಚಿದ್ದರೂ ಅವನ ಮುಷ್ಟಿ ಇನ್ನೂ ಪೂರ್ತಿ ಮುಚ್ಚುತ್ತಿರಲಿಲ್ಲ. ಅತ್ತೆ ಯಾರೂ ಹೇಳದೆ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗಡೆಯಿಂದ ಸುತ್ತಲು ಹೊರಟರು. ಚನ್ನರಾಯಪ್ಪ ಇದ್ದಲ್ಲೇ ಭಕ್ತಿಯಿಂದ ಕಣ್ಣು ಮುಚ್ಚಿದ. ನಾನು ಕಾರಿನ ಮುಂದೆ ನಿಂತು, ಇವರೆಲ್ಲರ ಎದುರು ಬಾನೆಟ್ ಎತ್ತುವುದೋ ಬೇಡವೋ ಎಂದು ಅನುಮಾನಿಸುತ್ತಿದ್ದೆ.

ಶ್ಯಾಮಲೆ ಇಳಿದು ಬಂದು ನನ್ನ ಪಕ್ಕದಲ್ಲಿ ನಿಂತಳು. ದನಿ ತಗ್ಗಿಸಿ, ಜ್ವರಕ್ಕೆ ಕೂತ ಹುಳುವಿನ ಹತ್ತಿರ ಮಾತಾಡುವಷ್ಟು ಮೆಲ್ಲಗೆ ಹೇಳಿದಳು:

"ಅಮ್ಮ ಆ ಕಡೆ ಇದ್ದಾಳೆ ರೀ. ಅವತ್ತು ಮಾಡಿದ್ರಲ್ಲ, ಹಂಗೇ ಬೇಗ ಆ ಎರಡು ವೈರು ನೋಡ್ಬಿಡಿ. ಗೋಣಿತಾಟಿನ ಸಂದಿಯಿಂದ ನಂಗೆ ಎಲ್ಲಾ ಕಾಣಿಸ್ತಿತ್ತು. ಚನ್ನರಾಯನಿಗೆ ನಾನಿನ್ನೂ ಹೇಳಿಲ್ಲ."

ನಾನು ಬಾನೆಟ್ ಎತ್ತಿದೆ.