ಅರವತ್ತು ಹುಡುಗರ ಮೇಟ್ರನ್

ಒಂದೇ ಸೂರಿನ ಕೆಳಗೆ ಅರವತ್ತು ಹುಡುಗರನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಉಣ್ಣಿಸಿ, ಮಲಗಿಸುವ ಕೆಲಸ ಇಟ್ಟುಕೊಂಡವರು ನಗೆಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ, ಅದೂ ಚಡ್ಡಿಯ ಗುಂಡಿ ಕಿತ್ತುಕೊಂಡು.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷ ಆಗಿತ್ತು. ಮೈಸೂರಿನಲ್ಲಿ ಸರಸ್ವತಿಪುರಂ ದಾಟಿ ಸ್ವಲ್ಪ ಮುಂದೆ ಹೋದರೆ ಆ ಬೋರ್ಡಿಂಗ್ ಶಾಲೆ. ಸಿಂಗಪುರ, ರಂಗೂನು, ಕೊಲಂಬೊ, ಮೊಂಬಾಸಾ, ಹೀಗೆ ಎಲ್ಲೆಲ್ಲಿಂದಲೋ ಹಡಗು ಹತ್ತಿ ಬಂದ ಹುಡುಗರು ಅಲ್ಲಿದ್ದರು. ನಾನು ಮಾತ್ರ ಇದೇ ಊರಿನವಳು. ಚರ್ಚಿನ ಹಿಂದಿನ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಹೋದರು, ಮರುವರ್ಷವೇ ಅಮ್ಮನೂ ಹೋದರು, ಅಣ್ಣ ರೈಲ್ವೆ ಕೆಲಸ ಸಿಕ್ಕಿ ಹುಬ್ಬಳ್ಳಿ ಸೇರಿಕೊಂಡ. ಬಾಡಿಗೆ ಮನೆ ಖಾಲಿ ಮಾಡಿ, ಒಂದು ಟ್ರಂಕು ಹಿಡಿದುಕೊಂಡು ನಾನೂ ಹಾಸ್ಟೆಲು ಸೇರಿದೆ. ಹುಡುಗರಿಗಾದರೆ ಊರು ದೂರ ಇತ್ತು, ಅದಕ್ಕೆ ಹಾಸ್ಟೆಲು. ನನಗೆ ಹುಟ್ಟಿದ ಊರಿನಲ್ಲೇ ಹಾಸ್ಟೆಲು. ಇದನ್ನೂ ನಗುವ ವಿಷಯವೆಂದೇ ಇಟ್ಟುಕೊಳ್ಳಿ.

ಸರದಿ

ಇಂಟರ್‌ವ್ಯೂ ದಿನ ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿ, "ಮಕ್ಕಳನ್ನು ಸಾಕಿ ಅಭ್ಯಾಸ ಇದೆಯೇ?" ಎಂದು ಕೇಳಿದರು.

"ಇಲ್ಲ ಸರ್. ನರ್ಸ್ ತರಬೇತಿ ಆಗಿದೆ. ಮದುವೆ ಆಗಿಲ್ಲ."

"ಒಳ್ಳೆಯದೇ ಆಯಿತು. ತಾಯಂದಿರಿಗೆ ನಿಯಮ ಪಾಲಿಸೋಕೆ ಬರೋದಿಲ್ಲ" ಎಂದು, ತಾವೇ ಬರೆದು ಟೈಪು ಮಾಡಿಸಿದ್ದ ನಿಯಮದ ಪುಸ್ತಕವನ್ನು ನನ್ನ ಕೈಗಿಟ್ಟರು. ಕೆಟ್ಟ ಮನುಷ್ಯರಲ್ಲ. ಹುಡುಗರ ಹಿತಕ್ಕೆ ಏನೇನು ಬೇಕೋ ಅದೆಲ್ಲ ನಿಯಮದಲ್ಲಿ ಇದೆ, ನಿಯಮದಲ್ಲಿ ಇಲ್ಲದ್ದು ಯಾರಿಗೂ ಬೇಡ ಎಂದು ನಂಬಿದ್ದವರು, ಅಷ್ಟೇ. ಒಂಬತ್ತನೆಯ ನಿಯಮ ಹೀಗಿತ್ತು: 'ಮೇಟ್ರನ್ ಯಾವ ಹುಡುಗನಿಗೂ ಇತರರಿಗಿಂತ ಹೆಚ್ಚು ಅಕ್ಕರೆ ತೋರತಕ್ಕದ್ದಲ್ಲ.'

ಕೆಲಸಕ್ಕೆ ಸೇರಿದ ಮೊದಲನೆಯ ಮಧ್ಯಾಹ್ನ. ಊಟದ ಮೇಲೆ ಒಂದು ಗಂಟೆ ಎಲ್ಲರೂ ಮಲಗಬೇಕು. ಮೊಂಬಾಸಾದಿಂದ ಹೊಸದಾಗಿ ಬಂದಿದ್ದ ಎಂಟು ವರ್ಷದ ಹುಡುಗನೊಬ್ಬ ದಿಂಬಿಗೆ ಮುಖ ಒತ್ತಿಕೊಂಡು ಬಿಕ್ಕುತ್ತಿದ್ದ. ಅವನ ಮಂಚದ ಮೇಲೆ ಕೂತು ಬೆನ್ನು ಸವರಿದೆ. ಅಳು ನಿಂತಿತು. ಏಳಬೇಕು, ಅಷ್ಟರಲ್ಲಿ ಪಕ್ಕದ ಮಂಚದಿಂದ, "ಮೇಟ್ರನ್, ಒಂಬತ್ತನೇ ನಿಯಮ!"

ಸರಿ, ಅವನ ಬೆನ್ನೂ ಸವರಿದೆ. ಅದರಾಚೆಯವನು ಆಗಲೇ ಬೋರಲು ಮಲಗಿ ಸಿದ್ಧನಾಗಿದ್ದ. ಹೀಗೆ ಅರವತ್ತು ಮಂಚ. ಕೊನೆಯ ಮಂಚಕ್ಕೆ ಬರುವಾಗ ನನ್ನ ಕೈ ಸೋತಿತ್ತು. ಅಲ್ಲಿದ್ದವನು ಮೀಸೆ ಚಿಗುರಿದ್ದ ದೊಡ್ಡ ಹುಡುಗ, ಬಂದು ನಾಲ್ಕು ವರ್ಷವಾದವನು.

"ನಿನಗೂ ಮನೆ ನೆನಪಾಗುತ್ತೇನೋ?" ಅಂದೆ.

"ನನಗೇನಿಲ್ಲ ಮೇಟ್ರನ್. ಎಲ್ಲಾ ಅಭ್ಯಾಸ ಆಗಿಹೋಗಿದೆ" ಎಂದು ಗೋಡೆ ಕಡೆ ತಿರುಗಿದ. ಬೆನ್ನು ಮಾತ್ರ ನನ್ನ ಕಡೆ ಇತ್ತು. ಸವರಿದೆ. ಉಸಿರು ತಡೆದು ತಡೆದು ಬರುತ್ತಿತ್ತು. ನಾನು ಗೊತ್ತಾಗದವಳ ಹಾಗೆ ಎದ್ದೆ.

"ಮೇಟ್ರನ್" ಎಂದ ಗೋಡೆ ನೋಡಿಕೊಂಡೇ. "ಆ ಚಿಕ್ಕವನಿಗೆ ಹತ್ತು ಸಲ ಸವರಿದಿರಿ. ನನಗೆ ಒಂಬತ್ತೇ ಆಗಿದೆ."

ಅಕ್ಷರ

ಭಾನುವಾರ ಬೆಳಿಗ್ಗೆ ಎಲ್ಲರೂ ಮನೆಗೆ ಪತ್ರ ಬರೆಯಬೇಕು. ಹೆತ್ತವರಿಗೆ ಚಿಂತೆ ಹತ್ತಿಸುವ ಮಾತು ಒಂದೂ ಇರಕೂಡದು. ಆ ಭಯಕ್ಕೆ ಪ್ರಿನ್ಸಿಪಾಲರೇ ಒಂದು ಒಕ್ಕಣೆ ಮಾಡಿ ಬೋರ್ಡಿನ ಮೇಲೆ ಬರೆದುಬಿಡುತ್ತಿದ್ದರು. 'ಪ್ರಿಯ ತಂದೆ ತಾಯಿಯವರಿಗೆ. ನಾನು ಕ್ಷೇಮ. ಊಟ ಚೆನ್ನಾಗಿದೆ. ಹವೆ ಹಿತವಾಗಿದೆ. ನಿಮ್ಮ ಪ್ರೀತಿಯ ಮಗ.' ಬೋರ್ಡಿನ ಮೇಲೆ ಹೆಸರಿಲ್ಲ ಅಂತ ಹುಡುಗರೂ ಹೆಸರು ಬರೆಯುತ್ತಿರಲಿಲ್ಲ.

ಲಕೋಟೆಗೆ ಹಾಕುವ ಕೆಲಸ ನನ್ನದು. ಒಂದು ವಾರ ಜ್ವರದಲ್ಲೇ ಕೂತು ಹಾಕಿದೆ. ಸಿಂಗಪುರದವನ ಪತ್ರ ರಂಗೂನಿಗೆ ಹೋಯಿತು, ರಂಗೂನಿನವನದು ಸಿಂಗಪುರಕ್ಕೆ. ಉತ್ತರ ಬಂದ ಮೇಲೆ ಇಬ್ಬರೂ ನನ್ನ ಮುಂದೆ ಬಂದು ನಿಂತರು.

ಸಿಂಗಪುರದವನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅವನಪ್ಪ ಒಂದೇ ಸಾಲು ಬರೆದಿದ್ದರು: 'ಕೋಳಿ ಕೆದರಿದ ಹಾಗೆ ಬರೆಯಲು ಅಲ್ಲಿಗೆ ಕಳಿಸಿದೆನೇ?' ರಂಗೂನಿನವನ ಅಕ್ಷರ ನಿಜಕ್ಕೂ ಕೋಳಿ ಕೆದರಿದ್ದೇ. ಅವನಮ್ಮ ನಾಲ್ಕು ಪುಟ ಬರೆದಿದ್ದರು. 'ನಿನ್ನ ಅಕ್ಷರ ಎಷ್ಟು ದುಂಡಗಾಗಿದೆ ಮಗನೇ! ಅಕ್ಕಪಕ್ಕದ ಮನೆಯವರಿಗೆಲ್ಲ ತೋರಿಸಿದೆ...'

ತಪ್ಪಾಯಿತಪ್ಪ, ನಿಮ್ಮಿಬ್ಬರ ಮನೆಗೂ ನಾನೇ ಬರೆದು ತಿಳಿಸುತ್ತೇನೆ ಅಂದೆ. ಸಿಂಗಪುರದವನು ತಲೆಯಾಡಿಸಿದ. ರಂಗೂನಿನವನು ಆ ನಾಲ್ಕು ಪುಟ ಮಡಿಚಿ ಜೇಬಿಗೆ ಹಾಕಿಕೊಂಡು, "ಬೇಡ ಮೇಟ್ರನ್" ಅಂದ. "ಇನ್ನು ಮೇಲೂ ಹೀಗೇ ಹಾಕಿ. ನಮ್ಮಮ್ಮ ಇಷ್ಟು ದೊಡ್ಡ ಪತ್ರ ಬರೆದದ್ದು ಇದೇ ಮೊದಲು."

ಹಡಗು

ಒಂದು ಶನಿವಾರ ಮಧ್ಯಾಹ್ನ ತಲೆ ಎಣಿಸಿದರೆ ಐವತ್ತೊಂಬತ್ತು. ಇಲ್ಲದವನು ಆ ಮೊಂಬಾಸಾದ ಚಿಕ್ಕ ಹುಡುಗ. ಮೈದಾನ, ಬಚ್ಚಲು, ಸೌದೆ ಕೊಟ್ಟಿಗೆ, ಎಲ್ಲೂ ಇಲ್ಲ. ಶ್ರೀರಾಂಪುರದ ಹೊಲಗಳ ತನಕ ಮಾಲಿಯನ್ನು ಓಡಿಸಿದೆ. ಬಾವಿಗೂ ಎರಡೆರಡು ಸಲ ಬಗ್ಗಿ ನೋಡಿದೆ. ಕೆಲಸ ಹೋಗುತ್ತದೆ ಅಂತಲ್ಲ. ಹುಡುಗ ಹೋದನಲ್ಲಾ ಅಂತ.

ನಾಲ್ಕು ಗಂಟೆ ಹೊತ್ತಿಗೆ ಗೇಟಿನಲ್ಲಿ ಟಾಂಗಾ ನಿಂತಿತು. ಹುಡುಗ ಗಾಡಿಯವನ ಪಕ್ಕದಲ್ಲೇ ಕೂತಿದ್ದ, ಕೈಯಲ್ಲಿ ಚಾಟಿ.

"ಇಸ್ಟೇಷನ್ ತಾವ ಒಬ್ನೇ ನಿಂತಿತ್ತಮ್ಮ ಈ ಮಗಾ" ಅಂದ ಟಾಂಗಾದವನು. "'ಶಿಪ್ಪು, ಶಿಪ್ಪು' ಅಂತದೆ. ಮೈಸೂರ್ನಾಗೆ ನಾನು ಶಿಪ್ಪು ಎಲ್ಲಿಂದ ತರ್ಲಿ? ಅಳೋದ್ ನೋಡಕ್ಕಾಗ್ಲಿಲ್ಲ. ಕುಕ್ಕರಳ್ಳಿ ಕೆರೆ ತಾವ ಕರ್ಕೊಂಡೋಗಿ, ನಮ್ಮೂರ್ನಲ್ಲಿ ಇರೋದು ಇಷ್ಟೇ ನೀರು ಕಣಪ್ಪಾ, ನೋಡ್ಕೊಂಬುಡು ಅಂದೆ. ಏರಿ ಮ್ಯಾಲೆ ಕುಂತ್ಬುಡ್ತು. ಕೋಟಿನ್ ಮ್ಯಾಲೆ ಇಸ್ಕೂಲ್ ಗುರ್ತು ಇತ್ತಲ್ಲ, ಅದ್ನ ನೋಡಿ ಇಲ್ಲಿಗ್ ಬಂದೆ."

ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗನೇ ನನ್ನನ್ನು ಸಮಾಧಾನ ಮಾಡುವ ಹಾಗೆ, "ನೀರು ಚೆನ್ನಾಗಿತ್ತು ಮೇಟ್ರನ್" ಅಂದ.

ತಡವಾಗಿ ಬಂದವರ ಪುಸ್ತಕದಲ್ಲಿ ಹುಡುಗನೇ ತನ್ನ ಕೈಯಾರೆ ಕಾರಣ ಬರೆಯಬೇಕು ಎಂಬ ನಿಯಮವಿತ್ತು. ಅವನು ಯೋಚಿಸಿ ಬರೆದ: 'ಹಡಗು ಬರಲಿಲ್ಲ.' ಪ್ರಿನ್ಸಿಪಾಲರು ಅದನ್ನು ಎರಡು ಸಲ ಓದಿದರು. ಕಾರಣದ ಜಾಗದಲ್ಲಿ ಕಾರಣ ಇದ್ದದ್ದರಿಂದ ಸಹಿ ಹಾಕಿದರು.

ತೂಕ

ತಿಂಗಳಿಗೊಮ್ಮೆ ಹುಡುಗರ ತೂಕ ನೋಡುತ್ತಿದ್ದೆವು. ಮೂರು ತಿಂಗಳು ಒಂದೇ ಸಮ ಇಳಿದರೆ ಅಂಥವನನ್ನು ಮನೆಗೆ ಕಳಿಸತಕ್ಕದ್ದು. ಇದು ಕೊಲಂಬೊದ ಒಬ್ಬ ಹುಡುಗನ ಕಣ್ಣಿಗೆ ಬಿತ್ತು. ಅಂದಿನಿಂದ ತಟ್ಟೆಯಲ್ಲಿದ್ದದ್ದೆಲ್ಲ ಪಕ್ಕದವನ ತಟ್ಟೆಗೆ. ಎರಡು ತಿಂಗಳು ಇಳಿದ. ಪಕ್ಕದವನು ಬೂದುಗುಂಬಳದ ಹಾಗೆ ಊದಿಕೊಂಡ.

ಮೂರನೆಯ ತಿಂಗಳು ನಗುನಗುತ್ತಾ ತಕ್ಕಡಿ ಹತ್ತಿದ. ನೋಡಿದರೆ ತೂಕ ಏರಿದೆ!

"ಮೋಸ!" ಎಂದು ಕಿರುಚಿದ. "ಸಾಧ್ಯವೇ ಇಲ್ಲ ಮೇಟ್ರನ್! ನಾನು ಊಟವೇ ಮಾಡಿಲ್ಲ!" ಕಿರುಚಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಕೋಟು ಬಿಚ್ಚಿಸಿದೆ. ಒಳಜೇಬಿನಲ್ಲಿ ಅಡಿಗೆಮನೆಯ ತೂಕದ ಕಲ್ಲು. ಅಡಿಗೆಯವನು ಕೆಸರೆ ಹಳ್ಳಿಯವನು, ಒಕ್ಕಲು ಮನೆತನದ ಮನುಷ್ಯ. ಕರೆಸಿ ಕೇಳಿದೆ.

"ಕೋಟು ಗೂಟದಾಗೆ ನೇತಾಕಿತ್ತು, ಕಲ್ಲು ಆಕ್ಬುಟ್ಟೆ ಕಣಮ್ಮಾರೆ" ಎಂದು ತಲೆ ಕೆರೆದುಕೊಂಡ. "ಮಗಾ ಸೊರಗಿದ್ರೆ ಎಲ್ರೂ ನನ್ ಅಡಿಗೇನೇ ತಾನೇ ಅನ್ನೋದು?" ಆಮೇಲೆ ಹುಡುಗನ ಮುಂದೆ ಕುಕ್ಕರುಗಾಲಲ್ಲಿ ಕೂತ. "ಅದೇನ್ ತಿಂತೀಯೋ ನಿಮ್ಮೂರ್ನಲ್ಲಿ? ಬಾಯ್ಬುಟ್ಟು ಯೋಳು."

ಹುಡುಗನಿಗೆ ಕನ್ನಡದಲ್ಲಿ ಹೆಸರು ಗೊತ್ತಿಲ್ಲ. ಬೆರಳಿನಿಂದ ಗಾಳಿಯಲ್ಲಿ ದಾರ ದಾರ ಎಳೆದು ತೋರಿಸಿ, ತೆಂಗಿನಕಾಯಿ ಹಿಂಡಿ ತೋರಿಸಿದ. "ಅಯ್ಯೋ, ಶಾವಿಗೆ, ಕಾಯಾಲು! ಇದ್ಕೆ ಇಷ್ಟ್ ದಿನ ಉಪಾಸ ಬಿದ್ದಾ?" ಎಂದು ಅಡಿಗೆಯವನು ಒರಳು ಹುಡುಕಿಕೊಂಡು ಎದ್ದ.

ಹುಡುಗ ಮೊದಲ ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಅಗಿಯದೆ ಕೂತಿದ್ದ. ಆಮೇಲೆ ಮೂರು ತಟ್ಟೆ ಖಾಲಿ ಮಾಡಿದ. ಕಲ್ಲಿನ ಸುದ್ದಿ ಪ್ರಿನ್ಸಿಪಾಲರ ಕಿವಿಗೂ ಬಿದ್ದಿತ್ತು. ಮುಂದಿನ ತಿಂಗಳು ಅವನ ತೂಕ ನೋಡಿ ಪಟ್ಟಿಯನ್ನು ವಾಪಸು ಕಳಿಸಿದರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಕಲ್ಲು ತೆಗೆದು ಮತ್ತೆ ತೂಗಿ.'

ಕಪ್ಪು ರಿಜಿಸ್ಟರು

ಬೇಸಿಗೆ ರಜ ಬಂತು. ಟ್ರಂಕು, ಹಾಸಿಗೆ ಸುರುಳಿ, ಕೂಗಾಟ, ಎಲ್ಲಾ ಎರಡು ದಿನದಲ್ಲಿ ಮುಗಿದು ಹಾಸ್ಟೆಲು ಖಾಲಿಯಾಯಿತು. ಉಳಿದವನು ಮೊಂಬಾಸಾದ ಹುಡುಗ ಒಬ್ಬನೇ. ಅವನು ಹೋಗಿ ಬರುವುದರಲ್ಲೇ ರಜ ಮುಗಿಯುತ್ತಿತ್ತು. ಉಳಿದವಳು ನಾನು. ಬೇಸಿಗೆಗೆ ಬಾ ಎಂದು ಅಣ್ಣ ಬರೆದಿದ್ದ, ಆಮೇಲೆ ಅತ್ತಿಗೆಯ ತವರಿನವರು ಬರುತ್ತಾರೆ, ಜಾಗ ಸಾಲದು ಎಂದೂ ಬರೆದಿದ್ದ.

ಪ್ರಿನ್ಸಿಪಾಲರು ಊಟಿಗೆ ಹೊರಡುವ ಮುಂಚೆ ಕರೆದು ಹೇಳಿದರು, "ಒಬ್ಬನೇ ಹುಡುಗ ಎಂದು ಶಿಸ್ತು ಸಡಿಲ ಆಗಕೂಡದು. ಅವನೇ ಮಾನಿಟರ್. ರಿಜಿಸ್ಟರು ಅವನ ಹತ್ತಿರ ಇರಲಿ. ಬಂದು ನೋಡುತ್ತೇನೆ."

ಹಾಗಾಗಿ ಬೆಳಿಗ್ಗೆ ಆರಕ್ಕೆ ಗಂಟೆ ಬಾರಿಸುತ್ತಿದ್ದೆ. ಅವನು ಬಂದು ಎತ್ತರದ ಪ್ರಕಾರ ಸಾಲಾಗಿ ನಿಲ್ಲುತ್ತಿದ್ದ. ಹಾಜರಿ ಕೂಗುತ್ತಿದ್ದೆ. "ಪ್ರೆಸೆಂಟ್ ಮೇಟ್ರನ್!" ಎನ್ನುವ ದನಿ ಅಷ್ಟು ದೊಡ್ಡ ಹಾಲಿನಲ್ಲಿ ಒಂದು ಸುತ್ತು ಹಾಕಿ ಬರುತ್ತಿತ್ತು. ಆಮೇಲೆ ಊಟದ ಮನೆಗೆ ಒಬ್ಬನೇ ಮಾರ್ಚು ಮಾಡಿಕೊಂಡು ಹೋಗುತ್ತಿದ್ದ.

ಊಟದ ಹೊತ್ತಿನಲ್ಲಿ ಮಾತಾಡಕೂಡದು. ಮಾತಾಡಿದವರ ಹೆಸರನ್ನು ಮಾನಿಟರು ಕಪ್ಪು ರಿಜಿಸ್ಟರಿನಲ್ಲಿ ಬರೆಯಬೇಕು. ಉದ್ದದ ಮೇಜಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. ಎರಡು ದಿನ ಚಮಚದ ಸದ್ದು ಬಿಟ್ಟರೆ ಏನೂ ಇಲ್ಲ. ಮೂರನೆಯ ದಿನ ತಡೆಯಲಾಗದೆ, "ಸಾರಿಗೆ ಉಪ್ಪು ಸಾಲದು, ಅಲ್ವೇನೋ?" ಅಂದುಬಿಟ್ಟೆ.

ಅವನು ಚಮಚ ಕೆಳಗಿಟ್ಟು, ಕೈ ಒರೆಸಿಕೊಂಡು, ರಿಜಿಸ್ಟರು ತೆರೆದು ಬರೆದ: 'ಮೇಟ್ರನ್. ಊಟದಲ್ಲಿ ಮಾತು.'

"ನನ್ನ ಹೆಸರನ್ನೇ ಬರೆದೆಯೇನೋ?"

ಅದನ್ನೂ ಬರೆದ.

ಹೇಗೂ ಹೆಸರು ಬಿದ್ದಾಯಿತು, ಇನ್ನೇನು ಅಂತ ನಾನು ಧೈರ್ಯವಾಗಿ ಮಾತಿಗೆ ಇಳಿದೆ. ನಮ್ಮಪ್ಪ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದರು, ಅಭ್ಯಾಸ ಮಾಡುವಾಗ ಎದುರು ಮನೆಯ ಹಸು ಹಾಲು ಕೊಡದೆ ಜಗಳವಾಗಿತ್ತು, ಅದನ್ನು ಹೇಳಿದೆ. ಕ್ರಿಸ್ಮಸ್ಸಿಗೆ ಅಮ್ಮ ಕಲಕಲ ಎಂಬ ಸಿಹಿತಿಂಡಿ ಕರಿಯುವಾಗ ಅಣ್ಣ ಬುಟ್ಟಿಯನ್ನೇ ಎತ್ತಿಕೊಂಡು ಅಟ್ಟ ಹತ್ತಿದ್ದನ್ನು ಹೇಳಿದೆ. ಅಮ್ಮ ಹೋದ ಮೇಲೆ ಆ ಮನೆಯ ಬೀಗದ ಕೈ ವಾಪಸು ಕೊಟ್ಟು ಬಂದ ಮಧ್ಯಾಹ್ನದ ವಿಷಯ ಯಾರ ಹತ್ತಿರವೂ ಆಡಿರಲಿಲ್ಲ, ಅದನ್ನೂ ಹೇಳಿದೆ. ಹುಡುಗ ಗಲ್ಲಕ್ಕೆ ಕೈ ಕೊಟ್ಟು ಕೂತಿರುತ್ತಿದ್ದ. ಅನ್ನ ಆರುತ್ತಿತ್ತು. ನಾನು ಮುಗಿಸಿದ ಮೇಲೆ ಗಂಭೀರವಾಗಿ ರಿಜಿಸ್ಟರು ಎಳೆದುಕೊಂಡು ಬರೆಯುತ್ತಿದ್ದ. ಕೆಲವು ದಿನ ನಾನು ಸುಮ್ಮನಿದ್ದರೆ ಅವನೇ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದ.

ಪ್ರಿನ್ಸಿಪಾಲರು ಊಟಿಯಿಂದ ಬಂದರು. ಬಂದವರೇ ರಿಜಿಸ್ಟರು ತರಿಸಿದರು. ಪುಟ ತಿರುಗಿಸುತ್ತಾ ಹೋದ ಹಾಗೆ ಅವರ ಹುಬ್ಬು ಮೇಲೆ ಮೇಲೆ ಹೋಯಿತು.

"ಮೇಟ್ರನ್, ಇದರಲ್ಲಿ ಹುಡುಗನ ಹೆಸರು ಒಂದು ಸಲವೂ ಇಲ್ಲ."

"ಹೌದು ಸರ್."

"ನಿಮ್ಮ ಹೆಸರು ಮೂವತ್ತೆಂಟು ಸಲ ಇದೆ."

"ಹೌದು ಸರ್."

"ಮೂರು ಸಲ ಆದರೆ ಶನಿವಾರ ಪೇಟೆಗೆ ಹೋಗುವುದು ರದ್ದು. ಈ ಲೆಕ್ಕದಲ್ಲಿ ನೀವು ಇನ್ನು ಹನ್ನೆರಡು ಶನಿವಾರ ಹೊರಗೆ ಹೋಗುವ ಹಾಗಿಲ್ಲ."

"ನಾನು ಹೋಗುವ ಜಾಗ ಯಾವುದೂ ಇಲ್ಲ ಸರ್" ಅಂದೆ. ತಮಾಷೆಗೆ ಅಂದದ್ದು. ಅವರು ನಗಲಿಲ್ಲ. ಮೇಜಿನ ಮೇಲಿದ್ದ ಪೆನ್ಸಿಲನ್ನು ಅತ್ತಿಂದಿತ್ತ ಸರಿಸಿ, ಹುಡುಗನ ಕಡೆ ತಿರುಗಿದರು. ಅವನು ಎದೆ ಮುಂದೆ ಮಾಡಿ ನಿಂತಿದ್ದ.

"ಮಾನಿಟರ್! ಮೇಟ್ರನ್ ಇಷ್ಟೆಲ್ಲಾ ಮಾತಾಡುವಾಗ ನೀನೇನು ಮಾಡುತ್ತಿದ್ದೆ?"

"ಕೇಳಿಸಿಕೊಳ್ತಾ ಇದ್ದೆ ಸರ್" ಅಂದ ಹುಡುಗ. "ಕೇಳಿಸಿಕೊಳ್ಳಬಾರದು ಅಂತ ನಿಯಮ ಇಲ್ಲ ಸರ್."

ಪ್ರಿನ್ಸಿಪಾಲರು ಕನ್ನಡಕ ಏರಿಸಿಕೊಂಡು, ತಾವೇ ಬರೆದ ಆ ಪುಸ್ತಕವನ್ನು ಮೊದಲಿನಿಂದ ಕೊನೆಯ ಪುಟದವರೆಗೆ ತಿರುವಿ ಹಾಕಿದರು. ನಿಜವಾಗಿಯೂ ಇರಲಿಲ್ಲ.